ಘರ್ಷಣಾ ಗುಣಾಂಕ ಅಳೆಯಲು ಯಾವ ದಾರಿ: ಓರೆ ಹಲಗೆಯೋ, ಎಳೆತವೋ, ಕ್ಯಾಮೆರಾವೋ?

ಮರದ ಮೇಲೆ ಮರ ಜಾರಿದರೆ ಘರ್ಷಣಾ ಗುಣಾಂಕ ಎಷ್ಟು? ಕೈಪಿಡಿಗಳ ಕೋಷ್ಟಕದಲ್ಲಿ 0.25ರಿಂದ 0.5 ಅಂತ ಇರುತ್ತದೆ. ಒಂದು ತುದಿಗಿಂತ ಇನ್ನೊಂದು ತುದಿ ಎರಡರಷ್ಟು! ಯಾವ ಮರ, ಎಷ್ಟು ನುಣುಪು, ಮರದ ನಾರಿನ ಎಳೆಯ ಉದ್ದಕ್ಕೆ ಜಾರಿಸಿದ್ದೋ ಅಡ್ಡಕ್ಕೋ, ಒಣಗಿತ್ತೋ ಹಸಿಯಾಗಿತ್ತೋ, ಇದನ್ನೆಲ್ಲ ಕೋಷ್ಟಕ ಹೇಳುವುದಿಲ್ಲ. ನಿಮ್ಮ ಮುಂದಿರುವ ಎರಡು ಮೇಲ್ಮೈಗಳ ಸಂಖ್ಯೆ ಬೇಕಿದ್ದರೆ ನೀವೇ ಅಳೆಯಬೇಕು.

ಅಳೆಯುವುದೇನೋ ಸುಲಭ. ಕಷ್ಟ ಇರುವುದು ಆಯ್ಕೆಯಲ್ಲಿ. ಹಲಗೆ ಎತ್ತಿ ಅಳೆಯಬಹುದು, ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ಅಳೆಯಬಹುದು, ರಾಟೆಗೆ ತೂಕ ಕಟ್ಟಿ ಅಳೆಯಬಹುದು, ವಿಡಿಯೊ ಮಾಡಿ ಅಳೆಯಬಹುದು. ಎಲ್ಲವೂ ಪಠ್ಯಪುಸ್ತಕದಲ್ಲಿ ಒಂದೇ ಉತ್ತರ ಕೊಡುತ್ತವೆ. ಮೇಜಿನ ಮೇಲೆ ಕೊಡುವುದಿಲ್ಲ. ದುಬಾರಿ ಉಪಕರಣ ಇದ್ದವರಿಗೆ ಸರಿಯಾದ ಉತ್ತರ ಸಿಗುತ್ತದೆ ಅಂತೇನೂ ಇಲ್ಲ. ತನ್ನ ತಪ್ಪನ್ನು ತಾನೇ ಕಳೆದುಕೊಳ್ಳುವಂಥ ವಿಧಾನ ಆರಿಸಿಕೊಂಡವರಿಗೆ ಸಿಗುತ್ತದೆ. ಹಾಗಾಗಿ ಇಲ್ಲಿ ಪ್ರತಿ ವಿಧಾನಕ್ಕೂ ಒಂದೇ ಪ್ರಶ್ನೆ ಕೇಳುತ್ತೇನೆ: ಇದು ಎಲ್ಲಿ ದಾರಿ ತಪ್ಪಿಸುತ್ತದೆ?

ಯಾವ ಸಂಖ್ಯೆ ಬೇಕು ಅನ್ನುವುದು ಮೊದಲು

ಘರ್ಷಣಾ ಗುಣಾಂಕವನ್ನು ಮ್ಯೂ ಅನ್ನುತ್ತೇವೆ. ಘರ್ಷಣಾ ಬಲವನ್ನು ಎರಡು ಮೇಲ್ಮೈಗಳನ್ನು ಒತ್ತಿ ಹಿಡಿದಿರುವ ಲಂಬ ಬಲದಿಂದ ಭಾಗಿಸಿದರೆ ಬರುವ ಸಂಖ್ಯೆ ಅದು. ಆದರೆ ಮ್ಯೂ ಒಂದಲ್ಲ, ಎರಡು. ನಿಂತ ವಸ್ತುವನ್ನು ಕದಲಿಸಲು ಬೇಕಾಗುವ ಬಲದಿಂದ ಬರುವುದು ಸ್ಥಾಯಿ ಗುಣಾಂಕ. ಕದಲಿದ ಮೇಲೆ ಜಾರುತ್ತಲೇ ಇರಿಸಲು ಬೇಕಾಗುವ ಬಲದಿಂದ ಬರುವುದು ಜಾರು ಗುಣಾಂಕ. ಸಾಮಾನ್ಯವಾಗಿ ಎರಡನೆಯದು ಕಡಿಮೆ.

ಇಳಿಜಾರಿನಲ್ಲಿ ಪೆಟ್ಟಿಗೆ ನಿಲ್ಲುತ್ತದೋ ಇಲ್ಲವೋ ಅನ್ನುವುದಕ್ಕೆ ಸ್ಥಾಯಿ ಗುಣಾಂಕ ಬೇಕು. ಬ್ರೇಕ್ ಹಾಕಿ ಚಕ್ರ ಲಾಕ್ ಆದ ಗಾಡಿ ಎಷ್ಟು ದೂರ ಜಾರುತ್ತದೆ ಅನ್ನುವುದಕ್ಕೆ ಜಾರು ಗುಣಾಂಕ ಬೇಕು. ಇದನ್ನು ಮೊದಲೇ ತೀರ್ಮಾನಿಸದೆ ಅಳೆಯಲು ಕೂತರೆ ಸುಮ್ನೆ ಶ್ರಮ. ಸ್ಥಾಯಿಗೆ ಹೇಳಿ ಮಾಡಿಸಿದ ವಿಧಾನ ಜಾರು ಘರ್ಷಣೆಗೆ ಬಹುಪಾಲು ಕೆಲಸಕ್ಕೆ ಬರುವುದಿಲ್ಲ.

ಇನ್ನೊಂದು ವಿಷಯ, ಸಂಖ್ಯೆಯ ಗಾತ್ರ. 0.04 ಇರಬಹುದಾದ ಟೆಫ್ಲಾನ್‌ಗೂ 0.8 ಇರಬಹುದಾದ ಒಣ ರಬ್ಬರಿಗೂ ಒಂದೇ ವಿಧಾನ ಹೊಂದುವುದಿಲ್ಲ. ಒರಟು ಅಂದಾಜು ಮೊದಲೇ ಇರಲಿ. ಬೆರಳಿನಿಂದ ತಳ್ಳಿ ನೋಡಿದರೂ ಸಾಕು.

ಓರೆ ಹಲಗೆ: ಸ್ಥಾಯಿ ಘರ್ಷಣೆಗೆ ನನ್ನ ಮೊದಲ ಆಯ್ಕೆ

ಒಂದು ಮೇಲ್ಮೈಯನ್ನು ಹಲಗೆಯಾಗಿ ಮಲಗಿಸಿ, ಇನ್ನೊಂದನ್ನು ಅದರ ಮೇಲೆ ಇಟ್ಟು, ಹಲಗೆಯ ಒಂದು ತುದಿಯನ್ನು ನಿಧಾನವಾಗಿ ಎತ್ತುತ್ತಾ ಹೋಗಿ. ಜಾರಿದ ಕ್ಷಣದ ಕೋನದ ಟ್ಯಾನ್ ಬೆಲೆಯೇ ಸ್ಥಾಯಿ ಗುಣಾಂಕ. ಅಷ್ಟೇ ಲೆಕ್ಕ. ತೂಕ ಬೇಡ, ತಕ್ಕಡಿ ಬೇಡ, ಗುರುತ್ವದ ಬೆಲೆಯೂ ಬೇಡ. ಜಾರಿಸುವ ಬಲವೂ ಒತ್ತುವ ಬಲವೂ ಅದೇ ತೂಕದಿಂದ ಬರುವುದರಿಂದ ತೂಕ ಲೆಕ್ಕದಿಂದ ಹೊರಟೇ ಹೋಗುತ್ತದೆ. ಈ ವಿಧಾನ ನನಗೆ ಇಷ್ಟವಾಗುವುದು ಇದಕ್ಕೇ.

ಎಡವುವುದು ಕೋನದಲ್ಲಿ. ಮಕ್ಕಳ ಕೋನಮಾಪಕದಿಂದ ಒಂದು ಡಿಗ್ರಿ ತಪ್ಪು ಓದುವುದು ತೀರಾ ಸಹಜ. 20 ಡಿಗ್ರಿಯ ಹತ್ತಿರ ಆ ಒಂದು ಡಿಗ್ರಿ ಮ್ಯೂನಲ್ಲಿ 0.02 ವ್ಯತ್ಯಾಸ ತರುತ್ತದೆ. ಪರವಾಗಿಲ್ಲ ಅನ್ನಬಹುದು. 45 ಡಿಗ್ರಿಯ ಹತ್ತಿರ ಅದೇ ತಪ್ಪು 0.035 ಆಗುತ್ತದೆ. 60 ಡಿಗ್ರಿಯಲ್ಲಿ 0.07. ಆದ್ದರಿಂದ ಕೋನವನ್ನೇ ಅಳೆಯಬೇಡಿ. ಎತ್ತಿದ ತುದಿಯ ಎತ್ತರವನ್ನೂ ನೆಲದ ಮೇಲಿನ ಅಡ್ಡ ದೂರವನ್ನೂ ಟೇಪಿನಿಂದ ಅಳೆದು ಭಾಗಿಸಿ. ಅದೇ ಟ್ಯಾನ್.

ಇಲ್ಲಿ ಒಂದು ಎಚ್ಚರ. ಭಾಗಿಸಬೇಕಾದದ್ದು ಅಡ್ಡ ದೂರದಿಂದ, ಹಲಗೆಯ ಉದ್ದದಿಂದ ಅಲ್ಲ. ಮೀಟರ್ ಉದ್ದದ ಹಲಗೆಯನ್ನು 40 ಸೆಂ.ಮೀ. ಎತ್ತಿದಾಗ ತುಂಡು ಜಾರಿತು ಅಂದುಕೊಳ್ಳಿ. 40ನ್ನು 100ರಿಂದ ಭಾಗಿಸಿ 0.40 ಅಂತ ಬರೆದರೆ ಅದು ಸೈನ್. ಅಡ್ಡ ದೂರ ಸುಮಾರು 91.7 ಸೆಂ.ಮೀ. ಸರಿಯಾದ ಉತ್ತರ 0.44. ಪ್ರಯೋಗದ ಪುಸ್ತಕಗಳಲ್ಲಿ ಅತಿ ಹೆಚ್ಚು ಕಾಣುವ ತಪ್ಪು ಬಹುಶಃ ಇದೇ.

ಮೊಬೈಲಿನ ಲೆವೆಲ್ ಆ್ಯಪ್ ಕೂಡ ಆಗುತ್ತದೆ. ಅದರ ಶೂನ್ಯ ಸರಿ ಇದೆಯೇ ಅಂತ ಮೊದಲು ನೋಡಿಕೊಳ್ಳಿ. ಒಂದೇ ಜಾಗದಲ್ಲಿ ಫೋನನ್ನು ಅರ್ಧ ಸುತ್ತು ತಿರುಗಿಸಿ ಇಟ್ಟು ಎರಡು ಸಲ ಓದಿದರೆ ಶೂನ್ಯದ ದೋಷ ಗೊತ್ತಾಗುತ್ತದೆ. ಹಲಗೆಗೆ ಟೇಪ್ ಹಚ್ಚಿ ಫೋನ್ ಕೂರಿಸಿ, ಸ್ಕ್ರೀನ್ ರೆಕಾರ್ಡಿಂಗ್ ಹಾಕಿಬಿಡಿ. ಜಾರಿದ ಸದ್ದು ಕೇಳಿದ ಕ್ಷಣದ ಕೋನವನ್ನು ಆಮೇಲೆ ಓದಿಕೊಳ್ಳಬಹುದು.

ಎತ್ತುವ ರೀತಿಯೂ ಮುಖ್ಯ. ತುದಿಯ ಕೆಳಗೆ ಒಂದೊಂದೇ ಪುಸ್ತಕ ತುರುಕುತ್ತಾ ಹೋದರೆ ಪ್ರತಿ ಸಲವೂ ಹಲಗೆ ನಡುಗುತ್ತದೆ. ಆ ನಡುಕಕ್ಕೇ ತುಂಡು ಬೇಗ ಜಾರಿಬಿಡುತ್ತದೆ, ಮ್ಯೂ ಕಡಿಮೆ ಬರುತ್ತದೆ. ಸ್ಕ್ರೂ ಜಾಕ್ ಇದ್ದರೆ ಉತ್ತಮ. ಇಲ್ಲದಿದ್ದರೆ ತುದಿಗೆ ದಾರ ಕಟ್ಟಿ, ಮೇಲಿನ ಕಂಬಿಯೊಂದರ ಮೇಲೆ ಹಾಯಿಸಿ, ನಿಧಾನ ಎಳೆಯಿರಿ. ಕೊನೆಯ ಒಂದೆರಡು ಡಿಗ್ರಿಯಲ್ಲಿ ತುಂಡಿನ ಮೇಲಂಚನ್ನೇ ದಿಟ್ಟಿಸಿ ನೋಡಿದರೆ, ಪೂರ್ತಿ ಜಾರುವ ಮೊದಲು ಅದು ಕೂದಲೆಳೆಯಷ್ಟು ಸರಿದು ಮತ್ತೆ ನಿಲ್ಲುವುದು ಕಾಣುತ್ತದೆ. ಇದನ್ನು ಜಾರಿದ್ದು ಅಂತ ಎಣಿಸಬೇಕೋ ಬೇಡವೋ? ಯಾವುದಾದರೂ ಒಂದು ನಿಯಮ ಇಟ್ಟುಕೊಳ್ಳಿ, ಎಲ್ಲ ಸಲಕ್ಕೂ ಅದನ್ನೇ ಪಾಲಿಸಿ. ನಾನಾದರೆ ನಿಲ್ಲದೆ ಒಂದು ಸೆಂಟಿಮೀಟರ್ ಜಾರಿದರೆ ಮಾತ್ರ ಜಾರಿದ್ದು ಅನ್ನುತ್ತೇನೆ.

ತುಂಡು ಎತ್ತರವಾಗಿದ್ದರೆ ಜಾರುವ ಬದಲು ಮಗುಚಿ ಬೀಳುತ್ತದೆ. ಇಳಿಜಾರಿನ ದಿಕ್ಕಿನಲ್ಲಿ ತಳದ ಉದ್ದವನ್ನು ಎತ್ತರದಿಂದ ಭಾಗಿಸಿ. ಬಂದ ಸಂಖ್ಯೆ ಮ್ಯೂಗಿಂತ ಜಾಸ್ತಿ ಇರಲೇಬೇಕು. ಘನಾಕೃತಿ 45 ಡಿಗ್ರಿಗೇ ಮಗುಚುತ್ತದೆ. ಅಂದರೆ ಮ್ಯೂ 1ರ ಆಚೆ ಇರುವ ರಬ್ಬರನ್ನು ಅದರಿಂದ ಅಳೆಯಲು ಆಗುವುದೇ ಇಲ್ಲ. ತೆಳ್ಳಗಿನ, ಅಗಲದ ತುಂಡು ಬೇಕು.

ಇನ್ನು ಇದೇ ಹಲಗೆಯಿಂದ ಜಾರು ಗುಣಾಂಕ? ತುಂಡನ್ನು ಬೆರಳಿನಿಂದ ತಟ್ಟಿ, ಒಂದೇ ವೇಗದಲ್ಲಿ ಜಾರುವ ಕೋನ ಹುಡುಕಿ ಅಂತ ಹಲವರು ಹೇಳುತ್ತಾರೆ. ಕಾಗದದ ಮೇಲೆ ಚೆಂದ. ನಿಜವಾದ ಹಲಗೆ ಎಲ್ಲ ಕಡೆ ಒಂದೇ ಥರ ಇರುವುದಿಲ್ಲ ಅಲ್ವಾ? ಒಂದು ಕಡೆ ಓಡುತ್ತದೆ, ಇನ್ನೊಂದು ಕಡೆ ನಿಂತುಬಿಡುತ್ತದೆ. ವೇಗ ತಪ್ಪಿದರೆ ಅದನ್ನು ಸರಿದಾರಿಗೆ ತರುವ ಬಲವೇ ಅಲ್ಲಿಲ್ಲ. ಗಣಿತಜ್ಞ ಆಯ್ಲರ್ 18ನೇ ಶತಮಾನದ ನಡುವಿನಲ್ಲೇ ಓರೆ ಸಮತಲದ ಲೆಕ್ಕ ಹಾಕಿ, ಜಾರಲು ಶುರುವಾದ ವಸ್ತು ತೆವಳುವ ಬದಲು ವೇಗ ಹಿಡಿಯುವುದು ಯಾಕೆ ಅಂತ ಯೋಚಿಸಿದ್ದರು. ಚಲಿಸುವಾಗಿನ ಘರ್ಷಣೆ ಕಡಿಮೆ ಇರಬೇಕು ಅನ್ನುವ ತೀರ್ಮಾನಕ್ಕೆ ಬಂದದ್ದು ಹಾಗೆ. ಜಾರುವುದನ್ನು ಅಳೆಯಲು ಈ ತಟ್ಟುವ ಆಟ ಬಿಟ್ಟು ಮುಂದಿನ ವಿಧಾನಕ್ಕೆ ಬನ್ನಿ.

ಎಳೆದು ಅಳೆಯುವುದು: ತುಂಡನ್ನಲ್ಲ, ಹಲಗೆಯನ್ನು ಎಳೆಯಿರಿ

ಶಾಲೆಯಲ್ಲಿ ಎಲ್ಲರೂ ಮಾಡಿದ್ದು ಇದೇ. ತುಂಡಿಗೆ ಕೊಕ್ಕೆ, ಕೊಕ್ಕೆಗೆ ಸ್ಪ್ರಿಂಗ್ ತಕ್ಕಡಿ, ಸಮ ವೇಗದಲ್ಲಿ ಎಳೆತ. ಓದಿದ ಬಲವನ್ನು ತೂಕದಿಂದ ಭಾಗಿಸಿದರೆ ಮ್ಯೂ. ಮುಳ್ಳು ಒಂದೇ ಸಮ ಕುಣಿಯುತ್ತಿರುತ್ತದೆ, ಓಡುತ್ತಿರುವ ತಕ್ಕಡಿಯನ್ನು ಓದಲು ಕಣ್ಣು ಅದರ ಹಿಂದೆಯೇ ಓಡಬೇಕು, ಕೈಯ ವೇಗ ಹೆಚ್ಚುಕಡಿಮೆ ಆದರೆ ಓದು ಕೂಡ ಹೆಚ್ಚುಕಡಿಮೆ. ಈ ರೂಪದಲ್ಲಿ ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಆದರೆ ಅದನ್ನೇ ತಿರುಗುಮುರುಗು ಮಾಡಿ ನೋಡಿ. ತಕ್ಕಡಿಯನ್ನು ಗೋಡೆಗೋ ಗಟ್ಟಿ ಕಂಬಕ್ಕೋ ಕಟ್ಟಿ. ಅದರ ಕೊಕ್ಕೆಗೆ ತುಂಡನ್ನು ಅಡ್ಡಲಾಗಿ ದಾರದಿಂದ ಬಿಗಿಯಿರಿ. ತುಂಡಿನ ಕೆಳಗೆ ಇರುವ ಹಲಗೆಯನ್ನು ಎಳೆಯಿರಿ. ತುಂಡು ನಿಂತಲ್ಲೇ ನಿಂತಿರುತ್ತದೆ. ನಿಂತ ವಸ್ತುವಿಗೆ ವೇಗೋತ್ಕರ್ಷ ಇಲ್ಲ. ಹಾಗಾಗಿ ದಾರದ ಬಲವೂ ಘರ್ಷಣೆಯೂ ಸಮ. ನಿಮ್ಮ ಕೈ ಸಮ ವೇಗದಲ್ಲಿ ಎಳೆಯಿತೋ ಇಲ್ಲವೋ ಅನ್ನುವುದು ಈಗ ಅಷ್ಟಾಗಿ ಲೆಕ್ಕಕ್ಕೇ ಬರುವುದಿಲ್ಲ. ಮುಳ್ಳು ಒಂದೇ ಜಾಗದಲ್ಲಿ ನಿಂತು ಆರಾಮಾಗಿ ಓದಿಸಿಕೊಳ್ಳುತ್ತದೆ. ಹಲಗೆ ಕದಲುವ ಮೊದಲಿನ ಗರಿಷ್ಠ ಓದು ಸ್ಥಾಯಿ ಘರ್ಷಣೆ, ಆಮೇಲೆ ಇಳಿದು ನಿಲ್ಲುವ ಓದು ಜಾರು ಘರ್ಷಣೆ. ಒಂದೇ ಎಳೆತಕ್ಕೆ ಎರಡೂ. ಸರಳ ಸಲಕರಣೆಯಲ್ಲಿ ಜಾರು ಗುಣಾಂಕಕ್ಕೆ ಇದಕ್ಕಿಂತ ಒಳ್ಳೆಯ ವಿಧಾನ ನನಗೆ ಗೊತ್ತಿಲ್ಲ.

ತುಂಡಿನ ತೂಕವನ್ನೂ ಅದೇ ತಕ್ಕಡಿಯಲ್ಲಿ ನೋಡಿ. ಅದು ಎಲ್ಲವನ್ನೂ ಶೇ. 5 ಜಾಸ್ತಿ ತೋರಿಸುವ ತಕ್ಕಡಿಯಾದರೂ ಅಡ್ಡಿಯಿಲ್ಲ. ಮೇಲೂ ಶೇ. 5, ಕೆಳಗೂ ಶೇ. 5, ಭಾಗಿಸಿದಾಗ ಹೋಗುತ್ತದೆ. ಗ್ರಾಂನಲ್ಲಿ ಓದಿದರೂ ನ್ಯೂಟನ್‌ಗೆ ತಿರುಗಿಸುವ ಗೋಜಿಲ್ಲ. ಶೂನ್ಯ ಮಾತ್ರ ಸರಿ ಮಾಡಿಕೊಳ್ಳಿ. ಸ್ಪ್ರಿಂಗ್ ತಕ್ಕಡಿ ನೇತಾಡುವಾಗಿನ ಶೂನ್ಯ ಬೇರೆ, ಮಲಗಿರುವಾಗಿನ ಶೂನ್ಯ ಬೇರೆ. ಕೊಕ್ಕೆಯ ತೂಕ ಅದರಲ್ಲಿ ಕೂತಿರುತ್ತದೆ. ಲಗೇಜ್ ತೂಗುವ ಡಿಜಿಟಲ್ ತಕ್ಕಡಿ ಬಳಸುವವರು ಇನ್ನೊಂದು ನೋಡಿಕೊಳ್ಳಬೇಕು. ಅವುಗಳಲ್ಲಿ ಹಲವು ಓದು ಸ್ಥಿರವಾದಾಗ ಅದನ್ನು ಹಿಡಿದಿಡುತ್ತವೆ, ಗರಿಷ್ಠ ಓದನ್ನಲ್ಲ. ಸ್ಥಾಯಿ ಘರ್ಷಣೆಯ ತುದಿ ಅಲ್ಲಿ ತಪ್ಪಿಹೋಗುತ್ತದೆ.

ದಾರ ಅಡ್ಡಲಾಗಿಯೇ ಇರಬೇಕು. ತುಂಡಿನಿಂದ ಮೇಲ್ಮುಖವಾಗಿ 10 ಡಿಗ್ರಿ ಓರೆಯಾಗಿದೆ ಅಂದುಕೊಳ್ಳಿ. ಅದು ತುಂಡನ್ನು ಸ್ವಲ್ಪ ಎತ್ತಿ ಹಿಡಿಯುತ್ತದೆ, ಒತ್ತುವ ಬಲ ಕಡಿಮೆಯಾಗುತ್ತದೆ. ಓದಿನ ಪ್ರಕಾರ ಮ್ಯೂ 0.40 ಅಂತ ಬಂದರೆ ನಿಜವಾದದ್ದು 0.42. ದಾರ ಉದ್ದ ಇದ್ದಷ್ಟೂ ಈ ಓರೆ ಕಡಿಮೆ. ದಾರವನ್ನು ತುಂಡಿನ ಬುಡದ ಹತ್ತಿರ ಕಟ್ಟಿ. ಮೇಲೆ ಕಟ್ಟಿದರೆ ತುಂಡಿನ ಒಂದು ಅಂಚಿನ ಮೇಲೇ ಭಾರ ಬಿದ್ದು, ಅದು ಹಲಗೆಯನ್ನು ಕೆರೆಯುತ್ತದೆ.

ಮೇಜು ಮಟ್ಟವಾಗಿಲ್ಲದಿದ್ದರೆ? ಒಂದು ಡಿಗ್ರಿ ಇಳಿಜಾರಿಗೆ 0.017 ತಪ್ಪು. ಸಲಕರಣೆಯನ್ನು ಹಿಂದುಮುಂದು ತಿರುಗಿಸಿ ಎರಡೂ ದಿಕ್ಕಿನಲ್ಲಿ ಎಳೆದು ಸರಾಸರಿ ತೆಗೆದರೆ ಅದೂ ಹೋಯಿತು.

ಈ ವಿಧಾನದ ದೊಡ್ಡ ಲಾಭ ಇನ್ನೊಂದಿದೆ. ತುಂಡಿನ ಮೇಲೆ ತೂಕ ಹೇರುತ್ತಾ ಹೋಗಬಹುದು. ಐದಾರು ಬೇರೆ ಬೇರೆ ಭಾರಕ್ಕೆ ಘರ್ಷಣಾ ಬಲ ಓದಿ ಗ್ರಾಫ್ ಹಾಕಿ. ನೇರ ಗೆರೆ ಬಂದರೆ ಅದರ ಇಳಿಜಾರೇ ಮ್ಯೂ. ಗೆರೆ ಸೊನ್ನೆಯ ಮೂಲಕ ಹೋಗದಿದ್ದರೆ ತಕ್ಕಡಿಯ ಶೂನ್ಯ ತಪ್ಪಿದೆ, ಇಲ್ಲವೇ ಮೇಲ್ಮೈಗಳು ಅಂಟಿಕೊಳ್ಳುತ್ತಿವೆ. ಗೆರೆ ಬಾಗಿದರೆ ಇನ್ನೂ ಒಳ್ಳೆಯ ಪಾಠ. ಮೆತ್ತನೆಯ ರಬ್ಬರು ಹೀಗೆಯೇ ಮಾಡುತ್ತದೆ. ಭಾರ ಹೆಚ್ಚಿದಷ್ಟೂ ಅದರ ಮ್ಯೂ ಕಡಿಮೆಯಾಗುತ್ತದೆ. ಓರೆ ಹಲಗೆಯ ಒಂದೇ ಓದಿನಲ್ಲಿ ಇದ್ಯಾವುದೂ ಕಾಣುವುದಿಲ್ಲ.

ರಾಟೆ ಮತ್ತು ನೇತಾಡುವ ತೂಕ

ತಕ್ಕಡಿ ಇಲ್ಲದಿದ್ದರೆ ಮೇಜಿನ ಅಂಚಿಗೆ ರಾಟೆ ಕೂರಿಸಿ, ತುಂಡಿಗೆ ಕಟ್ಟಿದ ದಾರವನ್ನು ಅದರ ಮೇಲೆ ಇಳಿಬಿಟ್ಟು, ತುದಿಗೆ ತಟ್ಟೆಯನ್ನೋ ಲೋಟವನ್ನೋ ಕಟ್ಟುವುದು ಇನ್ನೊಂದು ದಾರಿ. ತುಂಡು ಕದಲುವವರೆಗೆ ತೂಕ ಹಾಕುತ್ತಾ ಹೋಗಿ. ನೇತಾಡುವ ತೂಕವನ್ನು ತುಂಡಿನ ತೂಕದಿಂದ ಭಾಗಿಸಿದರೆ ಸ್ಥಾಯಿ ಗುಣಾಂಕ. 500 ಗ್ರಾಂ ತುಂಡು, ಕದಲಿದಾಗ ಲೋಟ ಸೇರಿ 190 ಗ್ರಾಂ. ಹಾಗಾದರೆ ಮ್ಯೂ 0.38.

ತೂಕದ ಬಿಲ್ಲೆ ಹಾಕಬೇಡಿ. ಬಿಲ್ಲೆ ಬಿದ್ದಾಗಲೆಲ್ಲ ದಾರಕ್ಕೆ ಒಂದು ಧಕ್ಕೆ. ನೀರು ಸುರಿಯಿರಿ, ಅದೂ ಸಣ್ಣ ಕೊಳವೆಯಿಂದ ತೊಟ್ಟು ತೊಟ್ಟಾಗಿ. ತುಂಡು ಕದಲಿದ ತಕ್ಷಣ ಕೊಳವೆ ತೆಗೆದು ಲೋಟವನ್ನು ತೂಗಿದರೆ ಆಯಿತು.

ರಾಟೆಗೇ ತನ್ನದೊಂದು ಘರ್ಷಣೆ ಇದೆ ಅನ್ನುವುದನ್ನು ಬಹಳ ಜನ ಮರೆಯುತ್ತಾರೆ. ಅದನ್ನು ಮೊದಲು ಅಳೆದುಕೊಳ್ಳಿ: ದಾರದ ಎರಡೂ ತುದಿಗೆ 200 ಗ್ರಾಂ ಕಟ್ಟಿ, ಒಂದು ಕಡೆ ಇನ್ನೆಷ್ಟು ಹಾಕಿದರೆ ರಾಟೆ ತಿರುಗುತ್ತದೆ ಅಂತ ನೋಡಿ. ಅಷ್ಟನ್ನು ನೇತಾಡುವ ತೂಕದಿಂದ ಕಳೆಯಬೇಕು. ಇಷ್ಟೆಲ್ಲ ಮಾಡುವ ಬದಲು ಹಲಗೆ ಎತ್ತುವುದೇ ಸಲೀಸು ಅಂತ ನನ್ನ ಅಭಿಪ್ರಾಯ. ಹಲಗೆ ಎತ್ತಲು ಆಗದ ಕಡೆ, ಉದಾಹರಣೆಗೆ ನೆಲದ ಟೈಲ್ಸ್ ಮೇಲೆ ಅಳೆಯಬೇಕಾದಾಗ, ರಾಟೆ ಉಪಯೋಗಕ್ಕೆ ಬರುತ್ತದೆ. ರಾಟೆಯನ್ನು ಗಟ್ಟಿ ಸ್ಟೂಲಿಗೆ ಕಟ್ಟಿ, ದಾರ ಬುಡದ ಮಟ್ಟದಲ್ಲಿ ಅಡ್ಡಲಾಗಿ ಬರುವಂತೆ ಇನ್ನೊಂದು ರಾಟೆಯ ಕೆಳಗೆ ಹಾಯಿಸಬೇಕಾಗುತ್ತದೆ, ಅಷ್ಟೇ.

ಓಡುವ ತುಂಡನ್ನು ಗಡಿಯಾರದಿಂದ ಹಿಡಿಯುವುದು

ಕಡಿದಾದ ಹಲಗೆಯ ಮೇಲೆ ತುಂಡನ್ನು ಬಿಟ್ಟು, ಇಳಿಯಲು ಹಿಡಿದ ಸಮಯದಿಂದ ವೇಗೋತ್ಕರ್ಷ ಲೆಕ್ಕ ಹಾಕಿ, ಅದರಿಂದ ಜಾರು ಗುಣಾಂಕ ತೆಗೆಯಬಹುದು. ಸೂತ್ರ ಸುಲಭ: ಕೋನದ ಟ್ಯಾನ್‌ನಿಂದ, ವೇಗೋತ್ಕರ್ಷವನ್ನು ಗುರುತ್ವ ಮತ್ತು ಕೋನದ ಕೊಸೈನ್‌ಗಳ ಗುಣಲಬ್ಧದಿಂದ ಭಾಗಿಸಿ ಬಂದದ್ದನ್ನು ಕಳೆಯಿರಿ. ತೊಂದರೆ ಸೂತ್ರದ್ದಲ್ಲ, ಹೆಬ್ಬೆರಳಿನದು.

30 ಡಿಗ್ರಿ ಹಲಗೆ, ಒಂದು ಮೀಟರ್ ದೂರ. ಸ್ಟಾಪ್‌ವಾಚ್ 0.9 ಸೆಕೆಂಡ್ ತೋರಿಸಿದರೆ ಮ್ಯೂ 0.29 ಬರುತ್ತದೆ. 1.0 ಸೆಕೆಂಡ್ ತೋರಿಸಿದರೆ 0.34. ಗುಂಡಿ ಒತ್ತುವುದರಲ್ಲಿ ಹತ್ತನೇ ಒಂದು ಸೆಕೆಂಡ್ ಆಚೀಚೆ ಆಗುವುದು ಎಲ್ಲರಿಗೂ ಆಗುವಂಥದ್ದೇ. ಅಷ್ಟಕ್ಕೇ ಉತ್ತರ ಇಷ್ಟು ಜಿಗಿಯುತ್ತದೆ. ಸ್ಟಾಪ್‌ವಾಚ್ ಬೇಡವೇ ಬೇಡ.

ಮೊಬೈಲಿನ ಸ್ಲೋ ಮೋಷನ್ ಬಂದಮೇಲೆ ಈ ವಿಧಾನಕ್ಕೆ ಮರುಜೀವ ಬಂದಿದೆ. ಸೆಕೆಂಡಿಗೆ 240 ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದು ಚಿತ್ರಕ್ಕೂ ಇನ್ನೊಂದಕ್ಕೂ ಅಂತರ 0.004 ಸೆಕೆಂಡ್. ಮೇಲಿನ ಲೆಕ್ಕದಲ್ಲಿ ಒಂದು ಚಿತ್ರ ತಪ್ಪು ಎಣಿಸಿದರೂ ಮ್ಯೂನಲ್ಲಿ 0.003ರಷ್ಟು ಮಾತ್ರ ವ್ಯತ್ಯಾಸ. ಟ್ರ್ಯಾಕರ್ ಅನ್ನುವ ಉಚಿತ ಸಾಫ್ಟ್‌ವೇರಿಗೆ ವಿಡಿಯೊ ಕೊಟ್ಟರೆ ತುಂಡಿನ ಜಾಗವನ್ನು ಚಿತ್ರದಿಂದ ಚಿತ್ರಕ್ಕೆ ಗುರುತಿಸಿ ಗ್ರಾಫ್ ಹಾಕಿ ಕೊಡುತ್ತದೆ. ಕ್ಯಾಮೆರಾ ಹಲಗೆಗೆ ನೇರ ಎದುರಾಗಿರಲಿ, ಸ್ವಲ್ಪ ದೂರದಲ್ಲಿರಲಿ. ಹತ್ತಿರ ಇಟ್ಟರೆ ಅಂಚುಗಳಲ್ಲಿ ಅಳತೆ ಬಾಗುತ್ತದೆ.

ಇನ್ನೂ ಚುರುಕಾದ ಉಪಾಯ, ಫೋನನ್ನೇ ತುಂಡಿನ ಮೇಲೆ ಕಟ್ಟಿ ಜಾರಿಸುವುದು. ಜರ್ಮನಿಯ ಆಕೆನ್‌ನ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ರೂಪಿಸಿದ ಫೈಫಾಕ್ಸ್ ಅನ್ನುವ ಉಚಿತ ಆ್ಯಪ್ ಫೋನಿನ ವೇಗೋತ್ಕರ್ಷವನ್ನು ಗ್ರಾಫ್ ಮಾಡಿ ತೋರಿಸುತ್ತದೆ. ಮಟ್ಟವಾದ ಮೇಜಿನ ಮೇಲೆ ತುಂಡನ್ನು ತಳ್ಳಿ ಕೈ ಬಿಡಿ. ತಳ್ಳಿದಾಗ ಒಂದು ಏರು, ಆಮೇಲೆ ನಿಲ್ಲುವವರೆಗೆ ಉಲ್ಟಾ ದಿಕ್ಕಿನಲ್ಲಿ ಒಂದು ಚಪ್ಪಟೆ ಭಾಗ. ಆ ಚಪ್ಪಟೆ ಭಾಗದ ಬೆಲೆಯನ್ನು 9.8ರಿಂದ ಭಾಗಿಸಿದರೆ ಮುಗಿಯಿತು. 2.9 ಇದ್ದರೆ ಮ್ಯೂ 0.30. ದೂರ ಬೇಡ, ಸಮಯ ಬೇಡ, ತೂಕವೂ ಬೇಡ. ಚಪ್ಪಟೆ ಇರಬೇಕಾದದ್ದು ಓರೆಯಾಗಿದ್ದರೆ ವೇಗದ ಜೊತೆ ಮ್ಯೂ ಬದಲಾಗುತ್ತಿದೆ ಅಂತ ಅರ್ಥ. ಬೇರೆ ವಿಧಾನಗಳು ಅದನ್ನು ಸರಾಸರಿಯೊಳಗೆ ಮುಚ್ಚಿಬಿಡುತ್ತವೆ. ಫೋನ್ ಮೇಜಿನಿಂದ ಬೀಳದ ಹಾಗೆ ಕೊನೆಯಲ್ಲಿ ದಿಂಬು ಇಡಿ.

ತಳ್ಳಿ, ನಿಂತ ದೂರ ಅಳೆಯುವ ವಿಧಾನವೂ ಇದೆ. ಹೊರಟ ವೇಗದ ವರ್ಗವನ್ನು ಗುರುತ್ವ ಮತ್ತು ದೂರಗಳ ಗುಣಲಬ್ಧದ ಎರಡರಷ್ಟರಿಂದ ಭಾಗಿಸಬೇಕು. ವೇಗದಲ್ಲಿ ಶೇ. 5 ತಪ್ಪಾದರೆ ಉತ್ತರದಲ್ಲಿ ಶೇ. 10. ಹೊರಟ ವೇಗವನ್ನು ಅಷ್ಟು ಚೆನ್ನಾಗಿ ಅಳೆಯಲು ವಿಡಿಯೊ ಬೇಕೇ ಬೇಕು. ವಿಡಿಯೊ ಇದ್ದಮೇಲೆ ಈ ಸೂತ್ರ ಯಾಕೆ ಬೇಕು?

ದಾರ, ಹಗ್ಗ, ಬೆಲ್ಟ್

ಹಗ್ಗವನ್ನು ಮೇಜಿನ ಮೇಲೆ ಚಾಚಿ, ಸ್ವಲ್ಪ ಭಾಗ ಅಂಚಿನಿಂದ ಇಳಿಬಿಟ್ಟು, ಎಷ್ಟು ಇಳಿದಾಗ ಪೂರ್ತಿ ಜಾರಿತು ಅಂತ ನೋಡುವ ಲೆಕ್ಕ ಪಠ್ಯಪುಸ್ತಕಗಳಲ್ಲಿ ಬಹಳ ಪ್ರಸಿದ್ಧ. ಇಳಿಬಿದ್ದ ಉದ್ದವನ್ನು ಮೇಜಿನ ಮೇಲಿನ ಉದ್ದದಿಂದ ಭಾಗಿಸಿ ಅನ್ನುತ್ತಾರೆ. ಮೇಜಿನ ಅಂಚು ಘರ್ಷಣೆ ಇಲ್ಲದ್ದು ಅಂತ ಅಲ್ಲಿ ಸದ್ದಿಲ್ಲದೆ ಒಪ್ಪಿಕೊಂಡಿರುತ್ತಾರೆ. ಅಂಚಿನಲ್ಲಿ ಹಗ್ಗ 90 ಡಿಗ್ರಿ ಬಾಗುತ್ತದೆ, ಅಲ್ಲೂ ಉಜ್ಜುತ್ತದೆ. ಮ್ಯೂ 0.4 ಇರುವ ಹಗ್ಗಕ್ಕೆ ಆ ಒಂದು ಬಾಗು ಹಿಡಿತವನ್ನು 1.87 ಪಟ್ಟು ಮಾಡುತ್ತದೆ. ಲೆಕ್ಕ 0.4ರ ಬದಲು 0.75 ತೋರಿಸುತ್ತದೆ! ಅಂಚನ್ನು ಗುಂಡಗೆ ಮಾಡಿದರೂ ಉಪಯೋಗವಿಲ್ಲ. ಲೆಕ್ಕಕ್ಕೆ ಬರುವುದು ಬಾಗಿದ ಕೋನ, ಬಾಗಿನ ತ್ರಿಜ್ಯ ಅಲ್ಲ. ಅಂಚಿಗೆ ಒಳ್ಳೆಯ ರಾಟೆ ಕೂರಿಸದೆ ಈ ವಿಧಾನ ಬಳಸಬೇಡಿ.

ಆ ಬಾಗನ್ನೇ ಕೆಲಸಕ್ಕೆ ಹಚ್ಚುವುದು ಜಾಣತನ. ತಿರುಗದ ಗುಂಡು ಕಂಬಿಯೊಂದರ ಮೇಲೆ ದಾರವನ್ನು ಅರ್ಧ ಸುತ್ತು ಹಾಯಿಸಿ ಎರಡೂ ತುದಿ ನೇತಾಡಲಿ. ಒಂದು ಕಡೆ 100 ಗ್ರಾಂ. ಇನ್ನೊಂದು ಕಡೆ ಜಾರುವವರೆಗೆ ಹಾಕುತ್ತಾ ಹೋಗಿ. 250 ಗ್ರಾಂಗೆ ಜಾರಿದರೆ, 2.5ರ ನೈಸರ್ಗಿಕ ಲಾಗರಿದಮ್ಮನ್ನು ಪೈಯಿಂದ ಭಾಗಿಸಿ: 0.29. ಇಲ್ಲಿ ಲಾಗರಿದಮ್ ನಿಮ್ಮ ಪರವಾಗಿ ನಿಲ್ಲುತ್ತದೆ. 250ರಲ್ಲಿ 10 ಗ್ರಾಂ ತಪ್ಪಾದರೂ ಮ್ಯೂ 0.013 ಮಾತ್ರ ಅಲ್ಲಾಡುತ್ತದೆ. ಬಾಗುವ ಯಾವ ವಸ್ತುವಿಗೂ, ನೂಲಿನಿಂದ ಹಿಡಿದು ಬೆಲ್ಟಿನವರೆಗೆ, ಇದೇ ನನ್ನ ಆಯ್ಕೆ. ತೀರಾ ಗಡುಸಾದ ಹಗ್ಗ ಕಂಬಿಗೆ ಸರಿಯಾಗಿ ಅಪ್ಪಿಕೊಳ್ಳುವುದಿಲ್ಲ, ದಪ್ಪ ಕಂಬಿ ತೆಗೆದುಕೊಳ್ಳಿ.

ತುಂಬಾ ನುಣುಪಾದವು

ಟೆಫ್ಲಾನ್‌ನಂಥ ವಸ್ತುವಿಗೆ ಮ್ಯೂ 0.04ರ ಆಸುಪಾಸು. ಓರೆ ಹಲಗೆ ಬರೀ 2.3 ಡಿಗ್ರಿಗೇ ಜಾರಿಸಿಬಿಡುತ್ತದೆ. ಅರ್ಧ ಡಿಗ್ರಿ ತಪ್ಪಾದರೆ ಉತ್ತರದ ಐದನೇ ಒಂದು ಭಾಗ ಹೋಯಿತು. ಎರಡು ಮೀಟರಿನ ಹಲಗೆ ಬಳಸಿ. 0.04 ಅಂದರೆ ತುದಿ 80 ಮಿ.ಮೀ. ಏರಬೇಕು, ಅದನ್ನು ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬಹುದು. ನೆಲ ಮಟ್ಟ ಇದೆಯೇ ಅನ್ನುವುದು ಇಲ್ಲಿ ಜೀವಾಳ. ಹಲಗೆಯ ಎರಡೂ ತುದಿಯನ್ನು ಸರದಿಯಂತೆ ಎತ್ತಿ ಸರಾಸರಿ ತೆಗೆಯಿರಿ.

ಮಜಾ ಬೇಕಿದ್ದವರಿಗೆ ಒಂದು ವಿಧಾನ. ಅಕ್ಕಪಕ್ಕ ಎರಡು ಉರುಳೆ, ಮೇಲ್ಭಾಗ ಒಂದರ ಕಡೆಗೊಂದು ಬರುವಂತೆ ಎದುರುಬದುರು ತಿರುಗುತ್ತಿವೆ. ಮೇಲೆ ಒಂದು ಪಟ್ಟಿ ಇಟ್ಟರೆ ಅದು ಆಚೀಚೆ ತೂಗಾಡುತ್ತದೆ. ಉರುಳೆಗಳ ನಡುವೆ 40 ಸೆಂ.ಮೀ. ಇದ್ದು ಹೋಗಿ ಬರುವ ಒಂದು ತೂಗಾಟಕ್ಕೆ 1.64 ಸೆಕೆಂಡ್ ಹಿಡಿದರೆ ಜಾರು ಗುಣಾಂಕ 0.30. ಇಪ್ಪತ್ತು ತೂಗಾಟ ಎಣಿಸಿದರೆ ಸ್ಟಾಪ್‌ವಾಚ್ ಕೂಡ ಸಾಕು. ಉರುಳೆಗಳು ಪಟ್ಟಿಗಿಂತ ಜೋರಾಗಿ ತಿರುಗಬೇಕು, ಅದೊಂದೇ ಷರತ್ತು. ಆದರೆ ಉರುಳೆ ಮಾಡುವ ಶ್ರಮ ನೋಡಿದರೆ ಇದು ಪ್ರದರ್ಶನಕ್ಕೆ ಸರಿ, ದಿನದ ಕೆಲಸಕ್ಕಲ್ಲ.

ಬೇರೆಯವರು ಒಪ್ಪುವ ಸಂಖ್ಯೆ ಬೇಕಿದ್ದರೆ

ವ್ಯಾಪಾರಕ್ಕೆ, ಕರಾರಿಗೆ, ಸುರಕ್ಷತೆಗೆ ಬೇಕಾದ ಸಂಖ್ಯೆಯಾದರೆ ಮನೆಯ ಹಲಗೆ ನಡೆಯುವುದಿಲ್ಲ, ಮಾನಕ ಪರೀಕ್ಷೆಯೇ ಬೇಕು. ಗಮನಿಸಿದರೆ ಅವೂ ಇದೇ ವಿಧಾನಗಳ ದೊಡ್ಡ ರೂಪ. ಪ್ಲಾಸ್ಟಿಕ್ ಹಾಳೆಗೆ ಬಳಸುವ ಅಮೆರಿಕದ ಮಾನಕ ಎಎಸ್‌ಟಿಎಂ ಡಿ1894 ಎಳೆತದ ವಿಧಾನ. 200 ಗ್ರಾಂ ತುಂಡು, ನಿಮಿಷಕ್ಕೆ 150 ಮಿ.ಮೀ. ವೇಗ. ಐಎಸ್‌ಒ 8295 ಅನ್ನುವ ಅಂತರರಾಷ್ಟ್ರೀಯ ಮಾನಕದಲ್ಲೂ ತುಂಡು 200 ಗ್ರಾಂ, ಆದರೆ ವೇಗ 100 ಮಿ.ಮೀ. ಒಂದರ ಸಂಖ್ಯೆಯನ್ನು ಇನ್ನೊಂದರ ಪಕ್ಕ ಇಟ್ಟು ಹೋಲಿಸಬಾರದು.

ನೆಲದ ಟೈಲ್ಸ್‌ಗೆ ಜರ್ಮನಿಯಲ್ಲಿ ರೂಪಿಸಿದ ಡಿಐಎನ್ 51130 ವಿಧಾನವೂ ಓರೆ ಹಲಗೆಯೇ. ಎಣ್ಣೆ ಹಾಕಿದ ಇಳಿಜಾರಿನ ಮೇಲೆ ಸುರಕ್ಷತಾ ಪಟ್ಟಿ ಕಟ್ಟಿಕೊಂಡ ಮನುಷ್ಯನನ್ನೇ ನಡೆಸುತ್ತಾರೆ! ಎಷ್ಟು ಕೋನದವರೆಗೆ ಜಾರದೆ ನಡೆದ ಅನ್ನುವುದರ ಮೇಲೆ ಆರ್9ರಿಂದ ಆರ್13ರವರೆಗೆ ದರ್ಜೆ. ಹಾಕಿಯಾದ ನೆಲವನ್ನು ಎತ್ತಲು ಆಗದು, ಅಲ್ಲಿಗೆ ಲೋಲಕ. ತುದಿಯಲ್ಲಿ ರಬ್ಬರ್ ಇರುವ ತೋಳು ಬೀಸಿ ಬಂದು ನೆಲವನ್ನು ಸವರಿ ಹೋಗುತ್ತದೆ, ಎಷ್ಟು ಶಕ್ತಿ ಕಳೆದುಕೊಂಡಿತು ಅನ್ನುವುದೇ ಅಳತೆ. ಬ್ರಿಟನ್ನಿನಲ್ಲಿ ಈ ಅಳತೆ 36 ಅಥವಾ ಹೆಚ್ಚು ಬಂದರೆ ಜಾರುವ ಅಪಾಯ ಕಡಿಮೆ ಅನ್ನುತ್ತಾರೆ. ಆ 36 ನೇರವಾಗಿ ಮ್ಯೂ ಅಲ್ಲ, ಆ ಉಪಕರಣದ ಸ್ವಂತ ಅಳತೆ.

ಎರಡು ವಿಧಾನ ಎರಡು ಉತ್ತರ ಕೊಟ್ಟಾಗ

ಓರೆ ಹಲಗೆ 0.44 ಅಂದಿತು, ಎಳೆತದ ಗರಿಷ್ಠ ಓದು 0.37 ಅಂದಿತು. ಯಾವುದು ಸರಿ? ಸರಾಸರಿ ತೆಗೆಯಬೇಡಿ. ಮೊದಲು ಮೇಲ್ಮೈಯನ್ನು ಅನುಮಾನಿಸಿ. ಬೆರಳಿನ ಜಿಡ್ಡು, ಧೂಳು, ತೇವ, ಇವು ವಿಧಾನದ ದೋಷಕ್ಕಿಂತ ಜಾಸ್ತಿ ವ್ಯತ್ಯಾಸ ತರಬಲ್ಲವು. ಲೋಹ, ಗಾಜು ಆದರೆ ಸ್ಪಿರಿಟ್‌ನಿಂದ ಒರೆಸಿ ಒಣಗಿಸಿ, ಆಮೇಲೆ ಅಂಚು ಹಿಡಿದೇ ಎತ್ತಿ. ಜಾರಿಸಿದಷ್ಟೂ ಮೇಲ್ಮೈ ಸವೆದು ಹೊಳಪಾಗುತ್ತದೆ, ಆದ್ದರಿಂದ ಕೊನೆಯಲ್ಲಿ ಮತ್ತೆ ಮೊದಲ ವಿಧಾನದಿಂದ ಅಳೆದು ನೋಡಿ. ಅದೂ 0.37ಕ್ಕೆ ಇಳಿದಿದ್ದರೆ ವಿಧಾನಗಳ ನಡುವೆ ಜಗಳವೇ ಇಲ್ಲ, ಬದಲಾದದ್ದು ಮರ.

ಆಮೇಲೆ ಕಾದ ಸಮಯ ನೋಡಿ. ಫ್ರೆಂಚ್ ವಿಜ್ಞಾನಿ ಕೂಲಂ 1785ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮರದ ಮೇಲೆ ಮರ ಹೆಚ್ಚು ಹೊತ್ತು ಸುಮ್ಮನೆ ಕೂತಷ್ಟೂ ಕದಲಿಸಲು ಹೆಚ್ಚು ಬಲ ಬೇಕು ಅಂತ ಕಂಡುಕೊಂಡಿದ್ದರು. ನಿಧಾನವಾಗಿ ಎತ್ತುವ ಹಲಗೆಯ ಮೇಲೆ ತುಂಡು ಒಂದು ನಿಮಿಷ ಕೂತಿರುತ್ತದೆ. ಎಳೆಯುವಾಗ ಇಟ್ಟ ತಕ್ಷಣ ಎಳೆದುಬಿಡುತ್ತೇವೆ. ಎರಡಕ್ಕೂ ಒಂದೇ ಹೊತ್ತು ಕೊಟ್ಟು, ಉದಾಹರಣೆಗೆ 30 ಸೆಕೆಂಡ್ ಕಾದು, ಮತ್ತೆ ಅಳೆಯಿರಿ. ಭಾರವೂ ಎರಡರಲ್ಲೂ ಒಂದೇ ಇರಲಿ.

ಇಷ್ಟಾದ ಮೇಲೂ ವ್ಯತ್ಯಾಸ ಉಳಿದರೆ ಸಂಖ್ಯೆಯನ್ನು 0.37ರಿಂದ 0.44 ಅಂತಲೇ ಬರೆಯಿರಿ, ಪಕ್ಕದಲ್ಲಿ ವಿಧಾನ, ಭಾರ, ಕಾದ ಸಮಯ, ಜಾರಿಸಿದ ದಿಕ್ಕು ಹಾಕಿ. ಪೆಟ್ಟಿಗೆ ಜಾರಬಾರದು ಅನ್ನುವ ಕೆಲಸಕ್ಕೆ 0.37 ಹಿಡಿಯಿರಿ. ಅದೇ ಪೆಟ್ಟಿಗೆಯನ್ನು ತಳ್ಳಲು ಮೋಟರ್ ಆರಿಸುವಾಗ 0.44 ಹಿಡಿಯಿರಿ.